ನಿದ್ದೆಗೆ ಬಿಟ್ಟ ಹನಿ

ಯಾಮ್ನಾಳ ಬಲಗಣ್ಣು ನಿದ್ದೆಯಲ್ಲೂ ಪೂರ್ತಿ ಮುಚ್ಚುವುದಿಲ್ಲ ಎನ್ನುವುದು ಜಿಲಾಲಿಗೆ ಗೊತ್ತಾದದ್ದು ಮದುವೆಯಾಗಿ ಮೂವತ್ತು ವರ್ಷ ಕಳೆದ ಮೇಲೆ, ಈ ರಂಜಾನಿನಲ್ಲಿ. ರೆಪ್ಪೆಗಳ ನಡುವೆ ಬಿಳಿ ಗೆರೆಯೊಂದು ಉಳಿದಿರುತ್ತದೆ, ಚಿಲಕ ಹಾಕುವುದನ್ನು ಮರೆತು ಮಲಗಿದವರ ಮನೆಯ ಬಾಗಿಲ ಸಂದಿಯ ಹಾಗೆ. ಇಷ್ಟು ವರ್ಷ ಪಕ್ಕದಲ್ಲೇ ಮಲಗಿ ತಾನು ನೋಡಿದ್ದಾದರೂ ಏನನ್ನು? ಏನನ್ನೂ ಇಲ್ಲ. ಬೀದಿಯ ರೊಟ್ಟಿ ಒಲೆ ನಡೆಸುವವನು ಮನೆಗೆ ಬರುವುದು ಬಿದ್ದುಕೊಳ್ಳುವುದಕ್ಕೆ. ಬಿದ್ದುಕೊಂಡವನು ಹೆಂಡತಿಯ ರೆಪ್ಪೆ ನೋಡುತ್ತ ಕೂರುವುದಿಲ್ಲ. ಈಗ ನಡು ಮಧ್ಯಾಹ್ನ, ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಹೆಂಚಿನ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕಣ್ಣಿನ ಹನಿಯ ಪುಟ್ಟ ಬಾಟಲಿಯನ್ನು ಮುಷ್ಟಿಯೊಳಗೆ ಬೆಚ್ಚಗೆ ಮಾಡುತ್ತ ಅವನು ಆ ಬಿಳಿ ಗೆರೆಯನ್ನು ನೋಡುತ್ತಿದ್ದ. ಹನಿ ತಣ್ಣಗಿದ್ದರೆ ಅವಳು ಬೆಚ್ಚಿ ಏಳುತ್ತಾಳೆ. ಹೊರಗೆ ಶರ್ಗಿ ಗಾಳಿ ಮಹಡಿಯ ತಗಡನ್ನು ಬಡಿಯುತ್ತಿತ್ತು. ಮರುಭೂಮಿಯ ಕಡೆಯಿಂದ ಬೀಸುವ ಈ ಗಾಳಿಗೆ ಸೆಫ್ರೂ ಊರಿನಲ್ಲಿ ನಾಯಿಯ ನಾಲಿಗೆಯೂ ಒಣಗುತ್ತದೆ. ಮೊದಲೇ ಒಣಗಿದ ಕಣ್ಣಿನ ಪಾಡೇನು.

ಮಂಡಿಯೂರಿದ. ಮಂಡಿ ಲಟಕ್ಕೆಂದಿತು. ಉಸಿರು ಹಿಡಿದು ಕಾದ. ಅವಳ ಉಸಿರು ಇದ್ದ ಹಾಗೇ ಇತ್ತು. ಬೆಂಕಿಯಲ್ಲಿ ಬೆಂದು ಬೆಂದು ಅವನ ಬೆರಳ ತುದಿಗಳಿಗೆ ಬಿಸಿ ತಾಗುವುದಿಲ್ಲ, ಹಗುರವಾದದ್ದೂ ತಾಗುವುದಿಲ್ಲ. ಮೊದಮೊದಲು ಬಾಟಲಿಯನ್ನು ಎಷ್ಟು ಒತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಈಗ ಬೆರಳನ್ನು ನಂಬುವುದು ಬಿಟ್ಟು ಕಣ್ಣಿನಿಂದ ಒತ್ತುವುದನ್ನು ಕಲಿತಿದ್ದ. ಮೂತಿಯಲ್ಲಿ ಹನಿ ಹುಟ್ಟಿ, ಹೊಟ್ಟೆ ಉಬ್ಬಿಸಿಕೊಂಡು, ಬೀಳಲೋ ಬೇಡವೋ ಎಂದು ತೂಗುವವರೆಗೆ ನೋಡಬೇಕು, ಆಮೇಲೆ ಸುಮ್ಮನಿರಬೇಕು, ಉಳಿದದ್ದನ್ನು ಹನಿಯೇ ನೋಡಿಕೊಳ್ಳುತ್ತದೆ. ಅದು ಮೂಗಿನ ಪಕ್ಕದ ಕಣ್ಣಿನ ಮೂಲೆಗೆ ಬಿತ್ತು. ರೆಪ್ಪೆ ಒಮ್ಮೆ ಅದುರಿತು. ಬಿಳಿ ಗೆರೆ ಹನಿಯನ್ನು ಒಳಗೆ ಎಳೆದುಕೊಂಡಿತು. ಅವನು ಏಳಲಿಲ್ಲ. ಅವನು ಕಾಯುತ್ತಿದ್ದದ್ದು ಇನ್ನೊಂದಕ್ಕೆ. ಸ್ವಲ್ಪ ಹೊತ್ತಾದ ಮೇಲೆ ಅವಳ ಗಂಟಲು ಮೇಲೇರಿ ಕೆಳಗಿಳಿಯಿತು. ನುಂಗಿದಳು. ಕಣ್ಣಿನಿಂದ ಗಂಟಲಿಗೆ ಕಹಿ ಇಳಿಯಿತು. ನಸುಕಿನಿಂದ ಒಂದು ಗುಟುಕು ನೀರು ಮುಟ್ಟದೆ ಅವಳು ಹೊತ್ತು ತಂದಿದ್ದ ಉಪವಾಸ ಅಲ್ಲಿಗೆ ಮುರಿಯಿತು, ಅವಳಿಗೆ ಗೊತ್ತಿಲ್ಲದ ಹಾಗೆ. ನಿನ್ನೆಯದೂ ಹೀಗೇ ಮುರಿದಿತ್ತು. ಮೊನ್ನೆಯದೂ. ಜಿಲಾಲಿ ಲೆಕ್ಕ ಇಟ್ಟಿರಲಿಲ್ಲ. ಲೆಕ್ಕ ಇಟ್ಟರೆ ಹೇಳಬೇಕಾಗುತ್ತದೆ.

ಅವಳ ಬಲಗಣ್ಣಿನ ಪೊರೆ ತೆಗೆದದ್ದು ಚಳಿಗಾಲದ ಕೊನೆಯಲ್ಲಿ, ಫೆಸ್ ನಗರದಲ್ಲಿ. ಪಟ್ಟಿ ಬಿಚ್ಚಿದಾಗ ಅವಳು ಮೊದಲು ನೋಡಿದ್ದು ಅವನ ಮುಖವನ್ನು. ನೋಡಿದಳು, ಇನ್ನೊಮ್ಮೆ ನೋಡಿದಳು. “ದೇವರೇ, ಇಷ್ಟು ಮುದುಕ ಆಗಿದೀಯಾ? ಯಾರೂ ನನಗೆ ಹೇಳಲೇ ಇಲ್ಲವಲ್ಲ!” ಎಂದಳು. ನರ್ಸುಗಳು ಬಿದ್ದು ಬಿದ್ದು ನಕ್ಕರು. ಅವನಿಗೆ ಮೈ ಉರಿಯಿತು, ಬಸ್ಸಿನಲ್ಲಿ ಊರು ಬರುವವರೆಗೆ ಮಾತಾಡಲಿಲ್ಲ. ಅವಳು ಕಿಟಕಿಯಾಚೆ ಒಂದೊಂದು ಮರವನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ಕಣ್ಣೊಳಗೆ ಮರಳು ಎಂದಳು. ಒಲೆಯ ಬೂದಿ ಹಾರಿ ಬಂದಿರಬೇಕು ಎಂದು ಇವನನ್ನೇ ಬೈದಳು. ನೋಟ ಚೆನ್ನಾಗಿತ್ತು, ಸೂಜಿಯ ಕಣ್ಣು ಕಾಣುತ್ತಿತ್ತು, ಆದರೆ ಜೆಲ್ಲಾಬ ನಿಲುವಂಗಿಗಳಿಗೆ ಅವಳು ಕಟ್ಟುವ ರೇಷ್ಮೆ ಗುಂಡಿಯ ಮೇಲೆ ಆ ಕಣ್ಣು ನಿಲ್ಲುತ್ತಿರಲಿಲ್ಲ. ನಾಲ್ಕು ಸುತ್ತು ಹಾಕುವಷ್ಟರಲ್ಲಿ ಉರಿದು ಕೆಂಪಾಗುತ್ತಿತ್ತು. ಊರಿನ ಅರ್ಧ ಹೆಂಗಸರು ಗುಂಡಿ ಕಟ್ಟುತ್ತಾರೆ, ಆದರೆ ಮದುಮಗನ ಬಟ್ಟೆಗೆ ಗುಂಡಿ ಬೇಕಾದರೆ ಬರುವುದು ಯಾಮ್ನಾಳ ಹತ್ತಿರ. ಡಾಕ್ಟರು ಮತ್ತೆ ನೋಡಿ, ಕಣ್ಣಿಗೆ ತನ್ನದೇ ನೀರು ಸಾಲುತ್ತಿಲ್ಲ, ಒಣಗಿ ಮೇಲ್ಮೈ ತರಚಿದೆ, ಪೊರೆ ತೆಗೆಸಿಕೊಂಡ ಮೇಲೆ ಎಷ್ಟೋ ಜನಕ್ಕೆ ಹೀಗಾಗುತ್ತದೆ, ಕಾಲ ಹಿಡಿದರೂ ವಾಸಿಯಾಗುತ್ತದೆ ಎಂದರು. ಆದರೆ ರಾತ್ರಿಯಷ್ಟೇ ಅಲ್ಲ, ಹಗಲೂ ಹನಿ ಬೀಳಬೇಕು, ಗಾಳಿಯ ದಿನ ತಪ್ಪಲೇಬಾರದು. ಇದು ಮಾಯುವ ತನಕ ಎಡಗಣ್ಣನ್ನು ನಾನು ಮುಟ್ಟುವುದಿಲ್ಲ, ಇದು ಕೆಟ್ಟರೆ ನೀನು ಬರುವುದೇ ಬೇಡ ಎಂದೂ ಹೇಳಿದರು. ಎಡಗಣ್ಣು ಆಗಲೇ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು.

ಔಷಧಿ ಅಂಗಡಿಯಲ್ಲಿ ಕೂರುವವಳು ಕುದುರೆಯ ಜೀನು ಹೊಲಿಯುವವನ ಮಗಳು ಸಮೀಹಾ. ಚೀಟಿ ನೋಡಿ ಬಾಟಲಿ ಇಟ್ಟು, “ಇವು ಕಣ್ಣೀರು, ಮಾಲೆಂ,” ಎಂದಳು. ಒಲೆಯ ಮೇಸ್ತ್ರಿಯಾದ ಅವನನ್ನು ಊರೆಲ್ಲ ಕರೆಯುವುದು ಮಾಲೆಂ ಎಂದೇ.

“ಏನು?”

“ಕಣ್ಣೀರು. ತಯಾರು ಮಾಡಿದ ಕಣ್ಣೀರು. ಅವರಿಗೆ ಇಲ್ಲವಲ್ಲ, ಅದಕ್ಕೆ.”

ಹಿಂದೆ ನಿಂತಿದ್ದ ಮುದುಕನೊಬ್ಬ ಕೆಮ್ಮಿ, “ಜಿಲಾಲಿ ಮನೇಲಿ ಕಣ್ಣೀರಿಗೆ ಬರಾನಾ? ಅವನ ಬಾಯಿ ಕೆಟ್ಟು ಹೋಯ್ತೇನು?” ಎಂದ. ಅಂಗಡಿ ತುಂಬ ನಗು. ಸಮೀಹಾಳೂ ಮುಖ ತಿರುಗಿಸಿ ನಕ್ಕಳು. ಜಿಲಾಲಿ ಮುದುಕನಿಗೆ ಅವನ ಅಪ್ಪನ ಕಾಲದಿಂದ ಹಿಡಿದು ಬೈದ. ಬೈದಷ್ಟೂ ಮುದುಕನ ಮಾತು ನಿಜವಾಗುತ್ತ ಹೋಯಿತು. ಬಾಟಲಿ ಜೇಬಿಗೆ ಹಾಕಿಕೊಂಡು ಸೇತುವೆ ದಾಟುವಾಗ ಕೆಳಗೆ ಹೊಳೆ ಸದ್ದು ಮಾಡುತ್ತಿತ್ತು, ಆ ಸದ್ದೂ ಹಿಂದಿನಿಂದ ನಕ್ಕಂತೆ ಕೇಳಿತು. ಹಿಂದೊಮ್ಮೆ ಯಾಮ್ನಾಳ ಅಪ್ಪ ಬೆಟ್ಟದ ಮೇಲಿನ ಊರಿನಲ್ಲಿ ಸತ್ತಾಗ ಇವನು ಒಲೆ ಮುಚ್ಚಿರಲಿಲ್ಲ. ಯಾರದೋ ಮದುವೆಯ ರೊಟ್ಟಿ. ಅವಳನ್ನು ಒಬ್ಬಳನ್ನೇ ಬಸ್ಸು ಹತ್ತಿಸಿದ್ದ. ಮಣ್ಣು ಮಾಡಿ ಬಂದವಳು ಹಿಟ್ಟಿನ ಮರಿಗೆಯ ಮುಂದೆ ಕೂತು ನಾದುತ್ತ ನಾದುತ್ತ ಅಳುತ್ತಿದ್ದಳು, ಹಿಟ್ಟಿನೊಳಗೇ ಬೀಳುತ್ತಿತ್ತು, ಬಾಗಿಲಲ್ಲಿ ನಿಂತು ಇವನು, “ಸಾಕು ಮಾಡು. ಅತ್ತರೆ ಸತ್ತೋನು ಎದ್ದು ಬರ್ತಾನಾ?” ಎಂದಿದ್ದ. ಕೋಪವೇನೂ ಇರಲಿಲ್ಲ. ಏನು ಹೇಳಬೇಕೆಂದು ತಿಳಿಯದೆ ಬಂದ ಮಾತು ಅದು. ಅವನ ಬಾಯಲ್ಲಿ ತಿಳಿಯದ್ದೆಲ್ಲ ಕೂಗಾಗಿಯೇ ಬರುತ್ತದೆ. ಅವಳು ತೋಳಿನಿಂದ ಮುಖ ಒರೆಸಿಕೊಂಡು ನಾದಿದಳು. ಆಮೇಲೆ ಅವನ ಎದುರು ಅವಳು ಅತ್ತದ್ದು ಅವನಿಗೆ ನೆನಪಿಲ್ಲ. ಇಷ್ಟು ದಿನ ಅದನ್ನು ಅವಳು ಗಟ್ಟಿಯಾದಳು ಎಂದುಕೊಂಡಿದ್ದ. ಡಾಕ್ಟರು ಹೇಳಿದ್ದು ವಯಸ್ಸು, ಶಸ್ತ್ರಕ್ರಿಯೆ, ಗಾಳಿ ಎಂದು, ಅವರು ಓದಿದವರು. ಆದರೂ ಸೇತುವೆಯ ಮೇಲೆ ಜಿಲಾಲಿಗೆ ಅನ್ನಿಸಿತು: ಅವಳ ಕಣ್ಣೀರು ಮುಗಿಸಿದವನು ನಾನೇ ಇರಬೇಕು. ಒಳಗೇ ಇಂಗಿಸಿ ಇಂಗಿಸಿ ಸೆಲೆಯೇ ಮುಚ್ಚಿಹೋಯಿತೋ ಏನೋ.

ರಂಜಾನಿನ ಹಿಂದಿನ ಸಂಜೆವರೆಗೂ ಅವಳೇ ಹಾಕಿಕೊಳ್ಳುತ್ತಿದ್ದಳು, ಅರ್ಧ ಕೆನ್ನೆಗೆ, ಅರ್ಧ ಕಣ್ಣಿಗೆ. ಉಪವಾಸದ ಮೊದಲ ಬೆಳಗ್ಗೆ ಬಾಟಲಿ ಸಕ್ಕರೆ ಡಬ್ಬಿಯ ಹಿಂದೆ ಸೇರಿತ್ತು.

“ಹೆಂಗಸೇ, ಹನಿ?”

“ರಾತ್ರಿ ಹಾಕ್ಕೊಳ್ತೀನಿ.”

“ಗಾಳಿ ಬೀಸೋದು ಹಗಲು.”

“ಗಂಟಲಿಗೆ ಕಹಿ ಬರುತ್ತೆ. ಗಂಟಲಿಗೆ ಬಂತು ಅಂದ್ರೆ ಉಪವಾಸ ಹೋಯ್ತು. ನಮ್ಮಮ್ಮ ಹಗಲು ಕಣ್ಣಿಗೆ ಕಾಡಿಗೇನೂ ಹಚ್ತಿರಲಿಲ್ಲ.”

“ಕಾಯಿಲೆಯೋರಿಗೆ ಉಪವಾಸ ಇಲ್ಲ. ಬಿಡು. ಆಮೇಲೆ ಮಾಡು.”

“ಯಾರಿಗೆ ಕಾಯಿಲೆ? ಕಣ್ಣಲ್ಲಿ ಮರಳಿದ್ರೆ ಕಾಯಿಲೇನಾ? ಮಗಳು ಹೊಟ್ಟೇಲಿದ್ದಾಗಲೂ ನಾನು ಬಿಟ್ಟಿಲ್ಲ. ಬೀದಿಯೆಲ್ಲ ಉಪವಾಸ ಇರುವಾಗ ನಾನು ಕೂತು ರೊಟ್ಟಿ ಮುರೀಲಾ?”

“ಕಣ್ಣು ಹೋದ್ರೆ?”

“ಕೊಟ್ಟೋನು ನೋಡ್ಕೊಳ್ತಾನೆ.”

“ಕೊಟ್ಟೋನು ಒಂದಲ್ಲ ಎರಡು ಸಲ ಕೊಟ್ಟ! ಫೆಸ್‌ಗೆ ಕರ್ಕೊಂಡು ಹೋಗಿ ಎರಡನೇ ಸಲ ಕೊಡಿಸಿದ್ದು ಯಾರು, ನಿನ್ನಮ್ಮನಾ?” ಎಂದು ಅವನು ಕಿರುಚಿದ. ಸಕ್ಕರೆ ಡಬ್ಬಿ ಎತ್ತಿ ಕುಕ್ಕಿದ. ಮುಚ್ಚಳ ಹಾರಿ ಸಕ್ಕರೆ ನೆಲದ ಮೇಲೆಲ್ಲ ಚೆಲ್ಲಿತು. ಅವಳು ಪೊರಕೆ ತಂದಳು. ಗುಡಿಸುವಾಗ ಬಲಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡು, ಮಜ್ಜಿಗೆ ಬಣ್ಣದ ಕಣ್ಣೊಂದರಿಂದಲೇ ಹುಡುಕಿ ಹುಡುಕಿ ಗುಡಿಸಿದಳು. ಅರ್ಧ ಸಕ್ಕರೆ ಅಲ್ಲೇ ಉಳಿಯಿತು. ಅವಳು ಒಳಗೆ ಹೋದ ಮೇಲೆ ಅವನು ಉಳಿದದ್ದನ್ನು ಕೈಯಲ್ಲಿ ಬಳಿದ. ಅವತ್ತು ಮಧ್ಯಾಹ್ನವೇ ಮೊದಲ ಸಲ ಬರಿಗಾಲಲ್ಲಿ ಬಂದದ್ದು.

ಈ ಮಧ್ಯಾಹ್ನವೂ ಅವಳ ಗಂಟಲು ಇಳಿದದ್ದನ್ನು ನೋಡಿ ಎದ್ದು, ಬಾಟಲಿಯನ್ನು ಅದರ ಜಾಗದಲ್ಲಿಟ್ಟು, ಚಪ್ಪಲಿ ಮೆಟ್ಟಿ, ಬೇಕೆಂದೇ ಸದ್ದು ಮಾಡಿಕೊಂಡು ಬೀದಿಗಿಳಿದ. ಸಂಜೆಗೆ ಮುಂಚಿನ ನಮಾಜಿನ ಹೊತ್ತಿಗೆ ಒಲೆ ಕಾದಿರಬೇಕು. ರಂಜಾನಿನಲ್ಲಿ ಮನೆಮನೆಯಿಂದ ಬೇಯಿಸಲು ಹಸಿ ರೊಟ್ಟಿ ಹೊತ್ತು ಬರುವ ಹಲಗೆಗಳ ಸಾಲು ಬಾಗಿಲಾಚೆಗೂ ಹೋಗುತ್ತದೆ. ಯಾವ ರೊಟ್ಟಿ ಯಾವ ಮನೆಯದೆಂದು ಜಿಲಾಲಿ ಯಾರನ್ನೂ ಕೇಳುವುದಿಲ್ಲ. ಒಂದು ಮನೆಯವರು ಫೋರ್ಕಿನಿಂದ ಚುಚ್ಚುತ್ತಾರೆ, ಇನ್ನೊಬ್ಬರು ಲೋಟದ ಅಂಚು ಒತ್ತುತ್ತಾರೆ, ಯಾಮ್ನಾ ಹೆಬ್ಬೆರಳು ಒತ್ತುತ್ತಾಳೆ. ಈಚೆಗೆ ಅವಳ ಹೆಬ್ಬೆರಳಿನ ಗುಳಿ ನಡುವಿನಿಂದ ಸರಿದು ಅಂಚಿಗೆ ಬರುತ್ತಿತ್ತು. ಅದನ್ನು ನೋಡಿದಾಗೆಲ್ಲ ಅವನು ಆ ರೊಟ್ಟಿಯನ್ನು ಒಲೆಯ ಒಳಮೂಲೆಗೆ ತಳ್ಳುತ್ತಿದ್ದ, ಬೇರೆಯವರು ನೋಡಬಾರದೆಂದು.

ಕೇರಿಯ ಮಸೀದಿಯ ಫಕೀಹ ಸಿ ಬೂಶ್ತಾ, ಮಕ್ಕಳಿಗೆ ಓದಿಸುವವನು, ಹೆಂಡತಿ ಮಾಡಿದ ಬಾದಾಮಿ ಸಿಹಿಯ ತಟ್ಟೆಯನ್ನು ತಲೆಯ ಮೇಲೆ ಹೊತ್ತು ತಂದಿದ್ದ. ಜನ ಕರಗುವವರೆಗೆ ಜಿಲಾಲಿ ಆ ತಟ್ಟೆಯನ್ನು ಬೇಕೆಂದೇ ಒಳಗೆ ಹಾಕಲಿಲ್ಲ.

“ಸಿ ಬೂಶ್ತಾ, ಒಬ್ಬ ಮನುಷ್ಯ ನನ್ನ ಒಂದು ಮಾತು ಕೇಳ್ದ.”

“ಯಾರು?”

“ಮೇಲಿನ ಕೇರಿಯೋನು. ನಿಮಗೆ ಗೊತ್ತಿಲ್ಲ.”

“ಮೇಲಿನ ಕೇರೀಲಿ ನನಗೆ ಗೊತ್ತಿಲ್ಲದೋನು? ಸರಿ, ಇರಲಿ. ಏನಂತೆ?”

“ಅವನ ಹೆಂಡತಿ ಕಣ್ಣಿಗೆ ಹನಿ ಹಾಕ್ಬೇಕಂತೆ. ಹಗಲು ಬೇಡ ಅಂತಾಳಂತೆ. ಇವನು ಅವಳು ಮಲಗಿರುವಾಗ ಹಾಕ್ತಾನಂತೆ.”

ಫಕೀಹ ಗಡ್ಡಕ್ಕೆ ಹಾರಿದ ಬೂದಿಯನ್ನು ನಿಧಾನವಾಗಿ ಒರೆಸಿಕೊಂಡ. “ಗಂಟಲಿಗೆ ರುಚಿ ಇಳಿಯುತ್ತಾ?”

“ಇಳಿಯುತ್ತೆ. ಅಂತ ಅವನಂದ.”

“ಬೇರೆ ಕಡೆ ಬೇರೆ ಹೇಳ್ತಾರೆ. ಕೈರೋದಲ್ಲಿ ಹಾಕ್ಕೊಂಡು ಆರಾಮಾಗಿರ್ತಾರೆ. ನಾವು ಕಲಿತದ್ದು, ಗಂಟಲಿಗೆ ಇಳಿದ್ರೆ ದಿನ ಹೋಯ್ತು. ಮಲಗಿದ್ದೋಳಿಗೆ ಪಾಪ ಇಲ್ಲ, ಆದ್ರೆ ಆ ದಿನದ ಬದಲು ಇನ್ನೊಂದು ದಿನ ಇರ್ಬೇಕು.”

“ಅವಳಿಗೆ ಗೊತ್ತೇ ಇಲ್ವಲ್ಲ?”

“ಗೊತ್ತಿರೋನು ಹೇಳ್ಬೇಕು. ಹೇಳೋ ತನಕ ಅದು ಅವನ ಕುತ್ತಿಗೆಗೆ.”

“ಹೇಳಿದ್ರೆ ಅವಳು ಮಧ್ಯಾಹ್ನ ಮಲಗೋದೇ ಬಿಡ್ತಾಳೆ. ಕಣ್ಣು ಹೋಗುತ್ತೆ.”

“ಕಾಯಿಲೆಯೋರು ಬಿಡಬಹುದು. ಅದನ್ನ ಅವಳಿಗೆ ಹೇಳಿದನಂತಾ?”

“ಹೇಳ್ದೆ! ಕೇಳ್ಬೇಕಲ್ಲ ಆ ಕತ್ತೆ—” ಎಂದು ಜಿಲಾಲಿ ನಾಲಿಗೆ ಕಚ್ಚಿಕೊಂಡ.

ಒಲೆಯೊಳಗೆ ಸೌದೆಯೊಂದು ಸಿಡಿಯಿತು. ಸಿ ಬೂಶ್ತಾ ಅವನ ಮುಖ ನೋಡಲಿಲ್ಲ, ತನ್ನ ತಟ್ಟೆಯನ್ನು ನೋಡುತ್ತ ಹೇಳಿದ: “ಮೇಲಿನ ಕೇರಿಯೋನಿಗೆ ಹೇಳು ಮಾಲೆಂ, ನನ್ನ ಸಿಹಿ ಸೀಯದ ಹಾಗೆ ನೋಡ್ಕೊಳ್ಳಲಿ. ಅವನ ಹೆತ್ತೋರಿಗೆ ದೇವರು ದಯೆ ತೋರಲಿ.”

ಮರುದಿನ ಜಿಲಾಲಿ ಹನಿ ಹಾಕಲಿಲ್ಲ. ಅಂಗಳದಲ್ಲಿ ಚಪ್ಪಲಿ ಬಿಟ್ಟ, ಮತ್ತೆ ಮೆಟ್ಟಿದ, ಮತ್ತೆ ಬಿಟ್ಟ. ಅವಳ ಉಪವಾಸ ಅವಳದು. ಅದು ಅವಳು ದೇವರ ಹತ್ತಿರ ಇಟ್ಟುಕೊಂಡ ಏಕೈಕ ಮಾತು, ಅದರ ನಡುವೆ ಹೆಬ್ಬೆರಳು ತೂರಿಸಲು ನೀನು ಯಾರು? ಮದುವೆಯಾದಾಗಿನಿಂದ ಅವಳ ಏನನ್ನು ನೀನು ಕೇಳಿ ಮಾಡಿದ್ದೀಯ? ಗೋಡೆಗೊರಗಿ ಕೂತು ತಗಡಿನ ಸದ್ದು ಕೇಳಿದ. ಗಾಳಿ ಅವತ್ತು ಸಿಟ್ಟಿಗೆದ್ದಂತೆ ಬೀಸಿತು. ಸಂಜೆ ಬಾಂಗು ಕೂಗಿ ಖರ್ಜೂರ ಬಾಯಿಗಿಟ್ಟಾಗ ದೀಪದ ಬೆಳಕಿಗೆ ಅವಳ ಬಲಗಣ್ಣು ಹಸಿ ಮಾಂಸದ ಹಾಗಿತ್ತು. ಸೂಪಿನ ಬಟ್ಟಲನ್ನು ಅವಳು ಅವನ ಕೈಗೆ ಕೊಡದೆ ಗಾಳಿಗೆ ಕೊಟ್ಟಳು. ಅರ್ಧ ಅವನ ತೊಡೆಗೆ ಬಿತ್ತು. ಬೇರೆ ದಿನವಾಗಿದ್ದರೆ ಬೀದಿಗೆ ಕೇಳುವಂತೆ ಕೂಗುತ್ತಿದ್ದ.

“ಮಧ್ಯಾಹ್ನ ಚೆನ್ನಾಗಿ ನಿದ್ದೆ ಬಂತಾ ನಿನಗೆ?” ಎಂದು ಅವಳು ಕೇಳಿದಳು.

“ಬಂತು.”

“ನನಗೆ ಬರಲಿಲ್ಲ. ಏನಕ್ಕೋ ಕಾಯ್ತಾ ಇದ್ದ ಹಾಗಾಯ್ತು,” ಎಂದು ಅವಳು ತನ್ನ ಬಟ್ಟಲಿಗೆ ನಿಂಬೆ ಹಿಂಡಿದಳು.

ಆಮೇಲೆ ಅವನು ಒಂದು ಮಧ್ಯಾಹ್ನವನ್ನೂ ತಪ್ಪಿಸಲಿಲ್ಲ. ಕುತ್ತಿಗೆ ಇರುವುದೇ ಹೊರುವುದಕ್ಕೆ ಎಂದುಕೊಂಡ. ಹಬ್ಬ ಕಳೆಯಲಿ, ಹೇಳಿಬಿಡುತ್ತೇನೆ. ಅವಳು ಬೈಯಲಿ, ಮಗಳ ಮನೆಗೆ ಮೆಕ್ನೆಸ್‌ಗೆ ಹೊರಟುಹೋಗಲಿ, ಕಣ್ಣೊಂದು ಉಳಿದರೆ ಸಾಕು. ಹೀಗೆ ದಿನಾ ತನಗೆ ತಾನೇ ಹೇಳಿಕೊಂಡು, ದಿನಾ ಮಂಡಿಯೂರಿ, ಅಷ್ಟೊಂದು ಹತ್ತಿರದಿಂದ ಅವಳ ಮುಖವನ್ನು ನೋಡುತ್ತಿದ್ದ. ಹುಬ್ಬಿನೊಳಗೆ ಒಂದು ಹಳೆಯ ಗಾಯದ ಗುರುತಿತ್ತು. ಯಾವಾಗಿನದು? ತನ್ನಿಂದ ಆದದ್ದಲ್ಲ ತಾನೆ? ಕೈ ಎತ್ತಿದವನಲ್ಲ ಅವನು, ಆದರೆ ತಟ್ಟೆ ಲೋಟ ಎಸೆದದ್ದುಂಟು. ಕೇಳುವಂತಿರಲಿಲ್ಲ, ಕೇಳಿದರೆ ಇಷ್ಟು ಹತ್ತಿರ ಬಂದದ್ದು ಹೇಗೆಂದು ಹೇಳಬೇಕು. ಮೇಲ್ತುಟಿಯ ಸಣ್ಣ ಕೂದಲು, ಕೆನ್ನೆಯ ಮೇಲೆ ದಿಂಬಿನ ಗೆರೆ. ಹನಿ ಜಾರಿ ಕೆನ್ನೆಗೆ ಬಂದರೆ ತೋರುಬೆರಳ ಹಿಂಭಾಗದಿಂದ ಒರೆಸುತ್ತಿದ್ದ, ಬೆಂದಿಲ್ಲದ ಚರ್ಮ ಅಲ್ಲಿ ಮಾತ್ರ ಉಳಿದಿದ್ದರಿಂದ. ಒಮ್ಮೆ ಒರೆಸಿದ ಮೇಲೂ ಬೆರಳು ಅಲ್ಲೇ ನಿಂತಿತು. ತೆಗೆಯಬೇಕೆಂದು ಅವನಿಗೆ ಹೊಳೆಯಲಿಲ್ಲ.

ಕಣ್ಣು ದಿನದಿನಕ್ಕೆ ತಿಳಿಯಾಯಿತು. ಅದನ್ನು ಮೊದಲು ಸಾರಿದವಳು ಪಕ್ಕದ ಮನೆಯ ಮಿನಾನಾ. ಅವಳೂ ಗುಂಡಿ ಕಟ್ಟುವವಳು, ಬಾಯಿಗೆ ಚಿಲಕವಿಲ್ಲದವಳು. ಅಂಗಳದಲ್ಲಿ ಕೂತು, “ಲಾಲ್ಲಾ ಯಾಮ್ನಾ, ನಿನ್ನ ಕಣ್ಣು ಹೊಸಾ ಮದುಮಗಳ ಕಣ್ಣಾಗಿದೆಯಲ್ಲೇ! ಏನು ಹಚ್ತೀಯ?” ಎಂದಳು.

“ಏನಿಲ್ಲ. ಉಪವಾಸ,” ಎಂದಳು ಯಾಮ್ನಾ, ನೂಲು ಸುತ್ತುತ್ತ. “ಡಾಕ್ಟರ ಹನಿಯೆಲ್ಲ ಸುಳ್ಳು. ಹಗಲು ಒಂದು ತೊಟ್ಟೂ ಹಾಕಲ್ಲ ನಾನು. ನಂಬಿಕೆ ಇರಬೇಕು, ಅಷ್ಟೇ.”

“ಕೇಳಿದ್ಯಾ ಮಾಲೆಂ?” ಎಂದು ಮಿನಾನಾ ಇವನತ್ತ ತಿರುಗಿದಳು. “ನೀನು ಡಬ್ಬಿ ಒಡೆದು ಕೂಗಾಡಿದ್ದು ನಮ್ಮನೆ ತನಕ ಕೇಳಿಸ್ತು. ಈಗೇನಂತೀಯ?”

ಜಿಲಾಲಿ ಗಂಟಲವರೆಗೆ ಬಂದದ್ದನ್ನು ನುಂಗಿದ. ಬೇರೆಯವರ ನಂಬಿಕೆಯ ಮೇಲೆ ಕೂತ ನೊಣವನ್ನು ಓಡಿಸುವ ಹಕ್ಕು ಕೂಡ ತನಗಿಲ್ಲ ಎಂದು ಮೊದಲ ಸಲ ಅನ್ನಿಸಿ, ಎದ್ದು ಒಲೆಗೆ ಹೋಗಿ, ಬೇಡದಿದ್ದರೂ ಸೌದೆ ಸೀಳುತ್ತ ಕೂತ.

ಹಬ್ಬ ಬಂತು, ಹೋಯಿತು. ಹೇಳಲಿಲ್ಲ. ಮಗಳು ಬಂದಿದ್ದಳು, ಅವಳ ಎದುರು ಬೇಡ. ಮಗಳು ಹೋದಳು, ಆಗ ಫೆಸ್‌ಗೆ ಹೋಗುವ ದಿನ ಬಂತು, ಡಾಕ್ಟರು ನೋಡುವ ತನಕ ಬೇಡ. ಡಾಕ್ಟರು ಯಂತ್ರದೊಳಗೆ ಕಣ್ಣಿಟ್ಟು ನೋಡಿ, “ತರಚಿದ್ದೆಲ್ಲ ಮಾಯ್ದಿದೆ. ರಂಜಾನಿನಲ್ಲೂ ಹಗಲು ಹನಿ ತಪ್ಪಿಸದ ರೋಗಿ ನೀನೊಬ್ಬಳೇ ಇರಬೇಕು,” ಎಂದು ಹೊಗಳಿದರು. ಜಿಲಾಲಿ ತನ್ನ ಚಪ್ಪಲಿಯನ್ನೇ ನೋಡತೊಡಗಿದ. ಯಾಮ್ನಾ ತಲೆ ತಗ್ಗಿಸಿ, “ದೇವರ ದಯೆ,” ಎಂದಳು ಅಷ್ಟೆ. ಎಡಗಣ್ಣಿಗೆ ದಿನ ಗೊತ್ತಾಯಿತು. ಇನ್ನು ಬೆಳಗ್ಗೆ ಸಂಜೆ ಹಾಕಿದರೆ ಸಾಕು ಎಂದರು. ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಕೊಟ್ಟು ಮಲಗಿದಳು, ಇಲ್ಲವೇ ಮಲಗಿದ ಹಾಗೆ ಇದ್ದಳು. ರಸ್ತೆಯಂಚಿನಲ್ಲಿ ಚೆರ್ರಿ ಹಣ್ಣು ಮಾರುವವರು ಬುಟ್ಟಿ ಎತ್ತಿ ತೋರಿಸುತ್ತಿದ್ದರು. ಅವನು ಒಂದಷ್ಟು ಕೊಂಡು ಅವಳ ಮಡಿಲಲ್ಲಿಟ್ಟ. ಎಚ್ಚರವಾದ ಮೇಲೆ ಹೇಳುತ್ತೇನೆ ಎಂದುಕೊಂಡ. ಊರು ಬಂತು.

ಮರುದಿನ ಬೆಳಗ್ಗೆ ಅವನು ಬೀದಿ ಕೊನೆಯಿಂದ ಹಿಟ್ಟಿನ ಬಳೆ ಮಾಡಿ ಕರಿದ, ಎಣ್ಣೆ ಇಳಿಯುವ ಬಿಸಿ ಸ್ಫೆಂಜ್‌ಗಳನ್ನು ಹುಲ್ಲೆಳೆಗೆ ಪೋಣಿಸಿಕೊಂಡು ತಂದ. ಪುದೀನ ಚಹಾ ಅವಳೇ ಬಗ್ಗಿಸಿದಳು, ಒಂದೇ ಲೋಟಕ್ಕೆ.

“ನಿನಗೆ?”

“ಉಪವಾಸ.”

ಹಬ್ಬದ ಮರುವಾರ ಆರು ದಿನ ಹೆಚ್ಚಿನ ಉಪವಾಸ ಇರುವವರು ಕೇರಿಯಲ್ಲಿ ಬೇಕಾದಷ್ಟು ಇದ್ದರು. “ಆ ಆರು ದಿನದ್ದಾ? ಕಣ್ಣು ಈಗಷ್ಟೇ ಸರಿಹೋಗಿದೆ, ನಿನಗ್ಯಾಕೆ ಬೇಕು ಅದು? ಪುಣ್ಯ ಸಾಲದೇನು?” ಎಂದು ಅವನ ದನಿ ಏರತೊಡಗಿತು.

“ಆರು ದಿನದ್ದಲ್ಲ. ವಾಪಸ್ ಕೊಡ್ತಿದೀನಿ.”

ಸ್ಫೆಂಜ್ ಅವನ ಕೈಯಲ್ಲೇ ಉಳಿಯಿತು. ಆ ಮಾತು ಹೆಂಗಸರದು. ತಿಂಗಳ ಮುಟ್ಟಿನಿಂದ ರಂಜಾನಿನಲ್ಲಿ ತಪ್ಪಿಹೋದ ದಿನಗಳನ್ನು ಅವರು ವರ್ಷದಲ್ಲಿ ಯಾವಾಗಲೋ ಸದ್ದಿಲ್ಲದೆ ಇದ್ದು ತೀರಿಸುತ್ತಾರೆ. ಯಾರಾದರೂ ಕೇಳಿದರೆ ವಾಪಸ್ ಕೊಡ್ತಿದೀನಿ ಎನ್ನುತ್ತಾರೆ, ಕೇಳಿದವರು ಸುಮ್ಮನಾಗುತ್ತಾರೆ. ಯಾಮ್ನಾಗೆ ಅದೆಲ್ಲ ನಿಂತು ವರ್ಷಗಳಾಗಿದ್ದವು. ಅವಳು ಕೊಡಬೇಕಾದದ್ದು ಏನೂ ಇರಲಿಲ್ಲ. ಒಂದನ್ನು ಬಿಟ್ಟು.

“ನಿನಗೆ ಗೊತ್ತಿತ್ತು,” ಎಂದ.

“ಹ್ಞೂಂ.”

“ಯಾವಾಗಿಂದ?”

“ಮೊದಲ ದಿನ ನಿಜವಾಗಿ ನಿದ್ದೆ ಬಂದಿತ್ತು. ಗಂಟಲು ಕಹಿಯಾಗಿ ಎಚ್ಚರ ಆಯ್ತು. ನೋಡ್ತೀನಿ, ನಿನ್ನ ಹಿಮ್ಮಡಿ ಬಾಗಿಲಾಚೆ ಹೋಗ್ತಿದೆ. ಇಷ್ಟು ದೊಡ್ಡ ದೇಹ, ಕೋಳಿ ಥರ ಹೆಜ್ಜೆ ಇಟ್ಕೊಂಡು.”

“ದಿನಾ? ದಿನಾ ಎಚ್ಚರ ಇದ್ಯಾ?”

“ಎರಡನೇ ದಿನ ಹಿಡೀಬೇಕು ಅಂತಲೇ ಮಲಗಿದ್ದೆ. ಕೈ ಹಿಡಿದು ಕೂಗ್ಬೇಕು, ಬೀದಿ ಸೇರಿಸ್ಬೇಕು ಅಂತ.”

“ಮತ್ತೆ?”

ಅವಳು ಚಹಾದ ಪಾತ್ರೆಯ ಮುಚ್ಚಳವನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. “ಕೈ ಬಂತು. ಹಿಡಿಯೋಕಾಗಲಿಲ್ಲ.”

ಅವನಿಗೆ ಕೋಪ ಬಂತು. ಬೇರೆ ಏನು ಬರಬೇಕಿತ್ತೋ ಅದು ಬಾರದೆ ಕೋಪವೇ ಬಂತು. “ಹಾಗಾದ್ರೆ ನಾನು ಕಳ್ಳನ ಥರ ಬೆವರ್ತಾ ಇದ್ದದ್ದು? ಉಸಿರು ಕಟ್ಕೊಂಡು ಸಾಯ್ತಾ ಇದ್ದದ್ದು? ಆ ಫಕೀಹನ ಮುಂದೆ ಮಾನ ಕಳ್ಕೊಂಡದ್ದು? ಮಿನಾನಾ ಮುಂದೆ ನಂಬಿಕೆ ಗಿಂಬಿಕೆ ಅಂತ ನನ್ನ ಕುಣಿಸಿದ್ದು? ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?”

“ಕಣ್ಣು ಬಿಟ್ಟಿದ್ರೆ ನೀನು ಹೀಗೇ ಕೂಗ್ತಿದ್ದೆ,” ಎಂದಳು ಯಾಮ್ನಾ. “ನಾನೂ ಕೂಗ್ತಿದ್ದೆ. ಕೂಗಿದ ಮೇಲೆ ಬೇಡ ಅನ್ಲೇಬೇಕಿತ್ತು. ನನಗೆ ಕಣ್ಣು ಬೇಕಿತ್ತು, ಗಂಡಸೇ. ಬೇಕು ಅಂತ ಹೇಳೋಕೆ ನಾಚಿಕೆ ಆಗ್ತಿತ್ತು. ನೀನು ಕದ್ದೆ, ನಾನು ಕದಿಯೋಕೆ ಬಿಟ್ಟೆ. ಮಲಗಿದ್ದೆ ಅಂತ ದೇವರ ಹತ್ರ ಹೇಳೋಕಾಗಲ್ಲ. ಅದಕ್ಕೇ ವಾಪಸ್ ಕೊಡ್ತಿದೀನಿ. ನಿನ್ನ ಹತ್ರ ಹೇಳ್ದೆನೇ ಕೊಡೋಣ ಅಂತಿದ್ದೆ. ನೀನು ಸ್ಫೆಂಜ್ ತಂದೆ.”

“ನಿನ್ನೆ ತನಕ ದಿನಾ ಹೇಳ್ಬೇಕು ಅಂತಿದ್ದೆ ನಾನು.”

“ಗೊತ್ತು. ಬಾಯಿ ತೆರೀತಿದ್ದೆ, ಮುಚ್ಕೊಳ್ತಿದ್ದೆ. ಒಲೆ ಬಾಗಿಲ ಥರ.”

ಅವನು ಸ್ಫೆಂಜ್‌ಗಳ ಹುಲ್ಲೆಳೆಯನ್ನು ಎತ್ತಿಕೊಂಡು ಹೋಗಿ ಮಿನಾನಾಳ ಬಾಗಿಲ ಕೊಂಡಿಗೆ ಸಿಕ್ಕಿಸಿದ. ಬಂದು ತನ್ನ ಲೋಟದ ಚಹಾವನ್ನು ಅಂಗಳದ ಪುದೀನ ಕುಂಡಕ್ಕೆ ಸುರಿದ. “ಅದೇನು ಹಟ? ನೀನು ಕುಡಿ. ನೀನೇನೂ ವಾಪಸ್ ಕೊಡ್ಬೇಕಿಲ್ಲ,” ಎಂದು ಅವಳು ಹೇಳಿದ್ದಕ್ಕೆ, “ನಿನ್ನದು ನೀನು ಕೊಡು, ನನ್ನದು ನನ್ನ ಹೊಟ್ಟೆ,” ಎಂದು ಗದರಿ ಒಲೆಗೆ ಹೋದ. ಬೇರೆ ಯಾರೂ ಉಪವಾಸವಿಲ್ಲದ ದಿನ ಉಪವಾಸ ಇರುವುದು ಎಂಥ ಒಂಟಿ ಕೆಲಸ ಎನ್ನುವುದು ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಜನ ಎದುರಿಗೇ ಬಿಸಿ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು. ಯಾರೋ ಆಲಿವ್ ನೀಡಿದರು, ಯಾರೋ ಸಿಗರೇಟು. ಅವನು ಹಲ್ಲು ಕಚ್ಚಿ ಸಲಿಕೆ ಆಡಿಸಿದ. ಹೆಂಗಸರೆಲ್ಲ ಹೀಗೆ ಒಬ್ಬೊಬ್ಬರೇ, ಮನೆಮಂದಿಗೆಲ್ಲ ಬಡಿಸುತ್ತ, ಎಷ್ಟು ವರ್ಷದಿಂದ ವಾಪಸ್ ಕೊಡುತ್ತಾ ಬಂದಿದ್ದಾರೆ. ಯಾಮ್ನಾ ಬಡಿಸುವಾಗ ತಾನು ತಲೆ ಎತ್ತಿ, ನೀನು ಊಟ ಮಾಡಿದೆಯಾ ಎಂದು ಎಂದಾದರೂ ಕೇಳಿದ್ದುಂಟೇ? ಒಲೆಯ ಬಿಸಿ ಮುಖಕ್ಕೆ ಹೊಡೆಯಿತು. ಯಾರದೋ ರೊಟ್ಟಿ ಸೀಯಿತು. ಅವರು ಕೂಗಿದರು. ಅವನು ಮರುಕೂಗಲಿಲ್ಲ, ಅವರೇ ಗಾಬರಿಯಾಗಿ ಸುಮ್ಮನಾದರು.

ಸಂಜೆ ಬಾಂಗಿಗೆ ಇಬ್ಬರೂ ನೀರು ಕುಡಿದರು. ಖರ್ಜೂರ ತಿಂದರು. ಯಾಮ್ನಾ ಬಾಟಲಿ ತಂದು ಅವನ ಕೈಗಿಟ್ಟು, ಅಂಗಳದ ಗಿಡ್ಡ ಮಣೆಯ ಮೇಲೆ ಕೂತು, ಗೋಡೆಗೆ ತಲೆಯಾನಿಸಿ ಮುಖ ಮೇಲೆತ್ತಿದಳು. “ಹಾಕು.”

ಅವನು ಬಗ್ಗಿದ. ಅವಳ ಎರಡೂ ಕಣ್ಣು ಅವನನ್ನೇ ನೋಡುತ್ತಿದ್ದವು, ಒಂದು ಮಸುಕಿನಾಚೆಯಿಂದ, ಇನ್ನೊಂದು ನೇರವಾಗಿ. ನೇರವಾಗಿ ನೋಡುತ್ತಿದ್ದದ್ದರಲ್ಲಿ ಸಂಜೆಯ ಆಕಾಶ ಪುಟ್ಟದಾಗಿ ಇತ್ತು, ಅದರ ನಡುವೆ ಬೂದಿ ಮೆತ್ತಿದ ಗಡ್ಡದ ಒಂದು ತಲೆ ಇತ್ತು. ಹನಿ ಮೂಗಿನ ಮೇಲೆ ಬಿತ್ತು.

“ಕಣ್ಣು ಮುಚ್ಚು,” ಎಂದ.

“ಮುಚ್ಚಲ್ಲ.”

ಎರಡನೆಯದು ಕೆನ್ನೆಯ ಎಲುಬಿಗೆ ಬಿತ್ತು. “ಥೂ. ಮಲಗಿದ್ದಾಗ ಒಂದೂ ತಪ್ಪಿರಲಿಲ್ಲ. ನೋಡ್ಬೇಡ ನನ್ನ.”

“ಇಷ್ಟೆಲ್ಲ ಮಾಡ್ಸಿದ್ದು ನೋಡೋದಕ್ಕೇ ಅಲ್ವಾ?” ಎಂದಳು ಯಾಮ್ನಾ, ಕಣ್ಣು ಕದಲಿಸದೆ.

ಅವನು ಸೋತು ಅವಳ ಎದುರು ಮಂಡಿಯೂರಿದ, ಎಡಗೈಯಲ್ಲಿ ಅವಳ ಗಲ್ಲ ಹಿಡಿದ, ಬಾಟಲಿಯನ್ನು ಮತ್ತೆ ಎತ್ತಿದ.